ಮೊದಲ ರಾತ್ರಿ ಸರ್ಚುವಿನಲ್ಲಿ ಬೇಡ

ಜೂನ್ ಬಂತೆಂದರೆ ಮನಾಲಿಯ ಬೀದಿಗಳಲ್ಲಿ ಕೆಎ ನಂಬರಿನ ಕಾರು, ಬೈಕುಗಳು ಕಾಣತೊಡಗುತ್ತವೆ. ಎಲ್ಲ ಲೇಹ್‌ಗೆ ಹೊರಟವರು. ಸಲಹೆ ಕೇಳುವವರು ಟೈರು, ಬ್ರೇಕು, ತಿರುವುಗಳ ಬಗ್ಗೆಯೇ ಕೇಳುತ್ತಾರೆ. ಚಾರ್ಮಾಡಿ, ಆಗುಂಬೆಯಲ್ಲಿ ಕೈ ಪಳಗಿದವರಿಗೆ ಈ ದಾರಿಯ ಗಾಟಾ ಲೂಪ್ಸ್‌ನ 21 ತಿರುವುಗಳೇನೂ ಹೊಸದಲ್ಲ. ಹತ್ತಿ ಬರುವ ಗಾಡಿಗೆ ದಾರಿ ಬಿಡುವುದನ್ನೂ ಹತ್ತುವ ಗೇರಿನಲ್ಲೇ ಇಳಿಯುವುದನ್ನೂ ಅವರಿಗೆ ಯಾರೂ ಕಲಿಸಬೇಕಿಲ್ಲ. ನಾನು ತಿರುಗಿ ಕೇಳುವುದು ಒಂದೇ: ಮೊದಲ ರಾತ್ರಿ ಎಲ್ಲಿ ಮಲಗುತ್ತೀರಿ?

ಬಹಳ ಮಂದಿಯ ಉತ್ತರ, ಸರ್ಚು. ಹೆಚ್ಚುಕಡಿಮೆ ಅರ್ಧ ದಾರಿ, ಟೆಂಟುಗಳೂ ಸಿಗುತ್ತವೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ಕೆಲಸವೂ ತಪ್ಪಿತು. ಸಂಜೆಯೊಳಗೆ ಸರಾಗವಾಗಿ ತಲುಪಬಹುದು. ಆದರೆ ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಸರ್ಚು 4,290ರಲ್ಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಮಾತು. ಮೀರಿದರೆ ತಲೆನೋವು, ವಾಂತಿ ಶುರುವಾಗುವುದು ಸಾಮಾನ್ಯವಾಗಿ ರಾತ್ರಿ. ಅದಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು. ಸರ್ಚುವಿನಿಂದ ಇಳಿಯಬೇಕೆಂದರೆ ಮೊದಲು ಹತ್ತಬೇಕು! ಮನಾಲಿ ಕಡೆಗೆ 4,890 ಮೀಟರಿನ ಬಾರಾಲಾಚಾ ಲಾ (ಲಾ ಎಂದರೆ ಪಾಸ್), ಲೇಹ್ ಕಡೆಗೆ 5,059 ಮೀಟರಿನ ಲಾಚುಲುಂಗ್ ಲಾ. ಕತ್ತಲಲ್ಲಿ, ಉಬ್ಬಸಪಡುವ ಮನುಷ್ಯನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಯಾವ ಕಡೆಗೆ ಹೊರಡುತ್ತೀರಿ?

ಹಾಗಾಗಿ ಮೊದಲ ದಿನ ಕೇಲಾಂಗ್‌ನಲ್ಲೋ 3,200 ಮೀಟರಿನ ಜಿಸ್ಪಾದಲ್ಲೋ ನಿಲ್ಲಿ. ಸಾಧ್ಯವಾದರೆ ಎರಡು ರಾತ್ರಿ. ಕೇಲಾಂಗ್‌ಗೆ ಮುಂಚೆ ಸಿಗುವ ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ. ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಅಲ್ಲಿಯ ಫಲಕ ಪ್ರಸಿದ್ಧ. ಸಣ್ಣ ಗೇರಿನಲ್ಲಿ ಹತ್ತುವಾಗ ಗಾಡಿ ಊರಿನ ಮೈಲೇಜ್ ಕೊಡದು. ಊರಿನ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯದು, ಪೋಸ್ಟ್‌ಪೇಯ್ಡ್ ಇರಲಿ.

ಜಿಸ್ಪಾದಲ್ಲಿ ಮಲಗಿದರೆ ಇನ್ನೊಂದು ಲಾಭವುಂಟು. ಬಾರಾಲಾಚಾ ಹತ್ತುವ ದಾರಿಯ ಜಿಂಗ್‌ಜಿಂಗ್‌ಬಾರ್ ಸುತ್ತಮುತ್ತ ರಸ್ತೆಯ ಮೇಲೇ ಹರಿಯುವ ಹಳ್ಳಗಳನ್ನು ಬೆಳಿಗ್ಗೆಯೇ ದಾಟಬಹುದು. ರಾತ್ರಿಯ ಚಳಿಗೆ ಹಿಮ ಬಿಗಿದಿರುತ್ತದೆ, ನೀರು ತೆಳ್ಳಗೆ, ತಳದ ಕಲ್ಲುಗಳು ಕಾಣುತ್ತವೆ. ಬಿಸಿಲೇರಿ ಹಿಮ ಕರಗಿತೆಂದರೆ ಅದೇ ಹಳ್ಳ ಮಧ್ಯಾಹ್ನ ಕೆಸರು ಬಣ್ಣಕ್ಕೆ ತಿರುಗಿ, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿಸುತ್ತದೆ. ಆ ಸದ್ದು ಬಂದರೆ ನಿಂತುಬಿಡಿ. ದಾಟುವುದೇ ಆದರೆ ಮುಂದಿನ ಗಾಡಿ ಆಚೆ ದಡ ಹತ್ತುವವರೆಗೆ ಕಾಯಿರಿ, ಲಾರಿಯ ಚಕ್ರ ಹೋದ ಜಾಡನ್ನೇ ಹಿಡಿಯಿರಿ. ಫಸ್ಟ್ ಗೇರ್, ಒಂದೇ ಸಮನೆ ಆಕ್ಸಿಲರೇಟರ್. ನಡುನೀರಿನಲ್ಲಿ ಗೇರ್ ಬದಲಿಸುವುದು ಬೇಡ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಸಲ ಒತ್ತಿ ಒಣಗಿಸಿಕೊಳ್ಳಿ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನು ಹೇಳುವುದು ಶ್ರೀನಗರದ ದಾರಿ. 1,585 ಮೀಟರಿನಿಂದ ಹೊರಟು, ಜೋಜಿ ಲಾ ದಾಟಿ, 2,676 ಮೀಟರಿನ ಕಾರ್ಗಿಲ್‌ನಲ್ಲಿ ಮಲಗಿ, ಮರುದಿನ 3,500 ಮೀಟರಿನ ಲೇಹ್ ಸೇರಬಹುದು. ಅಲ್ಲಿ ಎರಡು ದಿನ ಸುಮ್ಮನಿದ್ದು, ಸುತ್ತಾಟ ಮುಗಿಸಿ ಮನಾಲಿ ಕಡೆಯಿಂದ ವಾಪಸಾಗಿ. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ. ಸರ್ಚುವಿನ ಟೆಂಟಿನಲ್ಲಿ ಒಂದು ರಾತ್ರಿ ಕಳೆಯುವುದಕ್ಕೆ ಆಗ ಅಷ್ಟು ಅಂಜಬೇಕಿಲ್ಲ.