ಕಾರ್ಬೆಟ್ಟನ ಎರಡು ಮರಗಳು

ಜಿಮ್ ಕಾರ್ಬೆಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಮರದ ಕವಲಿನಲ್ಲಿ ಕಟ್ಟಿದ ಮಚಾನು, ಬುಡದಲ್ಲಿ ಮೇಕೆ, ಮೇಲೆ ಉಸಿರು ಬಿಗಿಹಿಡಿದು ಕೂತ ಬೇಟೆಗಾರ. ಆದರೆ ಅವನ ಪುಸ್ತಕಗಳನ್ನು ಮತ್ತೆ ತೆರೆದರೆ ಈ ಚಿತ್ರ ಅರ್ಧದಷ್ಟೇ ನಿಜ. 1907ರಲ್ಲಿ ಚಂಪಾವತದ ಹುಲಿ ಸತ್ತದ್ದು ಊರವರೆಲ್ಲ ಸೇರಿ ಗದ್ದಲವೆಬ್ಬಿಸಿ ಅದನ್ನು ಕಾಡಿನಿಂದ ಹೊರಗಟ್ಟಿದಾಗ. 1930ರಲ್ಲಿ ಚೌಗಢದ ಹುಲಿ ಎದುರಾದಾಗ ಕಾರ್ಬೆಟ್ ನೆಲದ ಮೇಲೆಯೇ ಇದ್ದ. ಎಡಗೈಯಲ್ಲಿ ಹಕ್ಕಿಯ ಮೊಟ್ಟೆಗಳಿದ್ದವು, ಒಂದೇ ಕೈಯಲ್ಲಿ ರೈಫಲ್ ತಿರುಗಿಸಿದ. ಮಚಾನಿನ ರಾತ್ರಿಗಳಲ್ಲಿ ಬಹಳಷ್ಟು ಬರಿಗೈಯ ರಾತ್ರಿಗಳೇ. ನನ್ನ ಪ್ರಕಾರ ಅವನ ಒಳ್ಳೆಯ ಬರವಣಿಗೆ ಇರುವುದೂ ಅಲ್ಲೇ.

ರುದ್ರಪ್ರಯಾಗದ ಚಿರತೆಯ ಕಥೆ ನಮ್ಮಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ. ಕೇದಾರ-ಬದರಿಯ ಯಾತ್ರೆಯ ದಾರಿಯಲ್ಲಿ ಎಂಟು ವರ್ಷ ಓಡಾಡಿ 125 ಜನರನ್ನು ತಿಂದದ್ದೆಂದು ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಪ್ರಾಣಿ ಅದು. ಕೊನೆಗೆ 1926ರ ಮೇ ತಿಂಗಳಲ್ಲಿ, ಗುಲಾಬ್‌ರಾಯ್ ಎಂಬಲ್ಲಿ, ಮಾವಿನಮರದ ಮೇಲೆ ಕೂತ ಕಾರ್ಬೆಟ್ಟನ ಗುಂಡಿಗೆ ಸತ್ತಿತು. ಸಾಹಸದ ಕಥೆ ಎಂದುಕೊಂಡು ಓದಿದವರಿಗೆ ಆ ಕೊನೆಯ ರಾತ್ರಿ ನಿರಾಸೆ ತರಬೇಕು. ಕಾಣುವುದೇನೂ ಇಲ್ಲ. ಮೇಕೆಯ ಕೊರಳ ಗಂಟೆ ಅಲುಗಿತು, ಟಾರ್ಚ್ ಹೊತ್ತಿತು, ಗುಂಡು ಹಾರಿತು, ಟಾರ್ಚ್ ಕೆಟ್ಟಿತು. ಆಮೇಲೆ ಬೆಳಗಾಗುವವರೆಗೆ ಕತ್ತಲಲ್ಲಿ ಕೂತಿರಬೇಕು, ಚಿರತೆ ಸತ್ತಿದೆಯೋ ತಪ್ಪಿಸಿಕೊಂಡಿದೆಯೋ ತಿಳಿಯದು. ಮರದ ಮೇಲೆ ಸಿಕ್ಕಿಬಿದ್ದ ಮನುಷ್ಯನಿಗೆ ಉಳಿಯುವುದು ಕಿವಿ ಮಾತ್ರ. ಕಾರ್ಬೆಟ್ ಹೆದರಿಕೆಯನ್ನು ಮುಚ್ಚಿಡುವುದಿಲ್ಲ, ಸತ್ತ ಪ್ರಾಣಿಯನ್ನು ಪಿಶಾಚಿ ಎನ್ನುವುದೂ ಇಲ್ಲ. ಬೆಳಕು ಹರಿದಾಗ ಕಾಣುವುದು ಒಂದು ಮುದಿ ಚಿರತೆ, ಅಷ್ಟೆ.

ಇದೇ ಮನುಷ್ಯ ಕೊನೆಗೆ ಬರೆದ ಪುಸ್ತಕ ‘ಟ್ರೀ ಟಾಪ್ಸ್’. ಅವನು ತೀರಿಕೊಂಡ 1955ರಲ್ಲೇ ಪ್ರಕಟವಾಯಿತು. ಒಂದು ಮೆಟ್ರೋ ಪ್ರಯಾಣದಲ್ಲಿ ಮುಗಿಯುವಷ್ಟು ಚಿಕ್ಕದು. ಕೀನ್ಯಾದ ಅಬರ್‌ಡೇರ್ ಕಾಡಿನಲ್ಲಿ, ಆಲದ ಜಾತಿಯ ದೊಡ್ಡ ಮರವೊಂದರ ಕೊಂಬೆಗಳ ನಡುವೆ, 1932ರಲ್ಲಿ ಶೆರ್‌ಬ್ರೂಕ್ ವಾಕರ್ ಎಂಬವನು ಕಟ್ಟಿಸಿದ ಅತಿಥಿಗೃಹದ ಕಥೆ. 1952ರ ಫೆಬ್ರವರಿ 5ರಂದು ರಾಜಕುಮಾರಿ ಎಲಿಜಬೆತ್ ಅಲ್ಲಿ ತಂಗಿದಳು. ಆ ರಾತ್ರಿ ಇಂಗ್ಲೆಂಡಿನಲ್ಲಿ ಅವಳ ತಂದೆ ತೀರಿಕೊಂಡ. ಮರ ಹತ್ತಿದಾಗ ರಾಜಕುಮಾರಿ, ಇಳಿದಾಗ ರಾಣಿ, ಸುದ್ದಿ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಕಾರ್ಬೆಟ್‌ಗಾಗ 76 ವರ್ಷ. ರಾತ್ರಿಯಿಡೀ ಏಣಿಯ ತಲೆಯಲ್ಲಿ ಕಾವಲು ಕೂತಿದ್ದ.

ಈ ಪುಸ್ತಕವನ್ನು ಪ್ರೀತಿಯಿಂದ ಓದಲು ಹೊರಟು ಸೋತೆ. ಎದುರಿಗೆ ಆನೆಗಳ ಹಿಂಡಿದೆ, ಜಿಂಕೆಗಳ ಕಾಳಗವಿದೆ, ಆದರೂ ಎಲ್ಲವೂ ಅತಿಥಿಗೆ ತೋರಿಸುವ ನೋಟ. ಮಾವಿನಮರದ ಮೇಲಿದ್ದಾಗ ಕಾಡು ಅವನನ್ನು ನೋಡುತ್ತಿತ್ತು. ಇಲ್ಲಿ ಅವನ ಕಣ್ಣು ಕಾಡಿಗಿಂತ ರಾಜಕುಮಾರಿಯ ಮುಖದ ಮೇಲೆ. ಅವಳ ಧೈರ್ಯ, ಅವಳ ನಗು, ಅವಳ ಕ್ಯಾಮೆರಾ. ವಿನಯ ತೀರಾ ಹೆಚ್ಚಾದರೆ ಗದ್ಯ ಹೀಗೆ ಬಡವಾಗುತ್ತದೆ. (ನಮ್ಮ ಸನ್ಮಾನ ಗ್ರಂಥಗಳನ್ನು ಓದಿದವರಿಗೆ ಇದು ಹೊಸತಲ್ಲ.) ಉಸಿರಾಡುವ ಪುಟ ಎಂದರೆ ಆ ಏಣಿಯ ತಲೆಯ ರಾತ್ರಿ ಮಾತ್ರ. ಎಷ್ಟೋ ರಾತ್ರಿಗಳನ್ನು ಕೊಂಬೆಯ ಮೇಲೆ ಕಳೆದವನಿಗೆ ಅದೊಂದು ಸುಖಾಸನ. ಅಲ್ಲಿ ಹಳೆಯ ಕಾರ್ಬೆಟ್ ಒಂದಿಷ್ಟು ಹೊತ್ತು ಮರಳಿ ಬರುತ್ತಾನೆ.

ಇನ್ನೂ ದೊಡ್ಡ ಕೊರತೆ ಬೇರೆಯದು. ಆ ಜಾತಿಯ ಮರವನ್ನು ಸುತ್ತಲಿನ ಕಿಕುಯು ಜನ ಮುಗುಮೊ ಎಂದು ಕರೆದು ಪೂಜಿಸುತ್ತಾರೆ. ಅವರ ಪಾಲಿನ ಪವಿತ್ರ ಮರ ಯಾರ ಅಪ್ಪಣೆಯಿಂದ ಹೋಟೆಲಾಯಿತು ಎಂಬ ಪ್ರಶ್ನೆ ಪುಸ್ತಕಕ್ಕೆ ಹೊಳೆಯುವುದೇ ಇಲ್ಲ. ಅದೇ 1952ರಲ್ಲಿ ಬ್ರಿಟಿಷರು ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿದರು. ಕಳೆದುಕೊಂಡ ನೆಲಕ್ಕಾಗಿ ಮಾವ್ ಮಾವ್ ಹೋರಾಟ ಬಿಸಿಯೇರಿ, 1954ರಲ್ಲಿ ಆ ಮರಮನೆ ಸುಟ್ಟುಹೋಯಿತು. ಕಾರ್ಬೆಟ್ ಕೊನೆಯಲ್ಲಿ ಸುಟ್ಟ ಬೊಡ್ಡೆಯನ್ನೂ ಬೂದಿಯನ್ನೂ ತೋರಿಸುತ್ತಾನೆ, ಬೆಂಕಿ ಹಚ್ಚಿದವರ ಕಡೆ ತಿರುಗುವುದಿಲ್ಲ. ಗಢವಾಲದ ಹಳ್ಳಿಗರ ಬಡತನ, ಧೈರ್ಯ, ನೋವುಗಳ ಬಗ್ಗೆ ಅಷ್ಟು ಮನಸಾರೆ ಬರೆದವನಿಗೆ ಇದೇಕೆ ಕಾಣಲಿಲ್ಲ? ಗಢವಾಲದವರು ಅವನ ರಕ್ಷಣೆ ಬೇಡಿದವರು, ಕಿಕುಯುಗಳು ಬೇಡದವರು ಎಂಬ ಉತ್ತರವೊಂದೇ ನನಗೆ ತೋಚುವುದು. ಹಾಗಿದ್ದರೆ ರುದ್ರಪ್ರಯಾಗದ ಪುಸ್ತಕದ ಕರುಣೆಯನ್ನೂ ಇನ್ನೊಮ್ಮೆ ತೂಗಿ ನೋಡಬೇಕಾಗುತ್ತದೆ. ತೂಗಿದೆ. ಸ್ವಲ್ಪ ತಗ್ಗಿತು, ಸುಳ್ಳು ಎನಿಸಲಿಲ್ಲ.

ದಿಲ್ಲಿಯಲ್ಲಿರುವ ಗೆಳೆಯರು ಬದರಿಯ ದಾರಿ ಹಿಡಿದಾಗ ರುದ್ರಪ್ರಯಾಗದ ಹತ್ತಿರ ಕಾರ್ಬೆಟ್ಟನ ಸ್ಮಾರಕ ಸಿಗುತ್ತದೆ. ಅಲ್ಲಿ ಕಾರು ನಿಲ್ಲಿಸುವವರು ಚಿರತೆಯ ಜೊತೆಗೆ ಆ ಪಂಡಿತನನ್ನೂ ನೆನೆಯಬಹುದು. ಯಾತ್ರಿಕರಿಗೆ ನೆರಳು ಕೊಡುತ್ತಿದ್ದ ಅವನ ಗಂಟಲಿಗೇ ಚಿರತೆ ಒಮ್ಮೆ ಬಾಯಿ ಹಾಕಿತ್ತು, ಅವನು ಬದುಕಿದ. ಗುಂಡು ಹಾರಿದ ಆ ರಾತ್ರಿಯೂ ಮಾವಿನಮರದ ಸಮೀಪದಲ್ಲೇ, ಬಾಗಿಲ ಹಿಂದೆ ಇದ್ದ. ಗುಂಡಿನ ಸದ್ದು ಕೇಳಿ ಮರದ ಕಡೆಗೆ ಮೊದಲು ಕೂಗು ಹಾಕಿದವನೂ ಅವನೇ.