ಅರ್ಧ ಬಾಟ್ಸೆನ್ನಿನ ಲೆಕ್ಕ

ಕಿಟೆಲ್ ಅವರ ಹೆಸರು ಕೇಳದ ಕನ್ನಡ ಶಿಕ್ಷಕಿ ಇರಲಿಕ್ಕಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಅವರನ್ನೂ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಇವರ ಊಟ ಬಟ್ಟೆಗೆ, ಕಾಗದ ಶಾಯಿಗೆ ಹಣ ಕೊಟ್ಟವರು ಯಾರು? ನಾನು ಓದಿದ ಸಾಹಿತ್ಯ ಚರಿತ್ರೆಗಳು ಈ ಮಾತಿಗೆ ಬಂದೊಡನೆ ಪುಟ ತಿರುವಿಬಿಡುತ್ತವೆ. ನನ್ನ ತಕರಾರು ಇರುವುದು ಇಲ್ಲೇ. ತಿಂಗಳ ಖರ್ಚು ತೂಗಿಸುವ ಹೆಣ್ಣುಮಕ್ಕಳಾದ ನಮಗೆ ಗೊತ್ತಿದೆ, ಯಾರೋ ದುಡ್ಡು ಹಾಕದೆ ಯಾವ ಒಲೆಯೂ ಉರಿಯುವುದಿಲ್ಲ.

ಇವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್. ಅದು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ನಮ್ಮ ಧಾರವಾಡಕ್ಕೆ ಬಂತು. ನಿಘಂಟು ಬರೆಸುವುದು ಅದರ ಉದ್ದೇಶವಾಗಿರಲಿಲ್ಲ. ಕ್ರೈಸ್ತ ಧರ್ಮ ಸಾರುವುದು, ಇಲ್ಲಿಯವರನ್ನೇ ಉಪದೇಶಿಗಳನ್ನಾಗಿ, ಸಭಾಪಾಲಕರನ್ನಾಗಿ ತಯಾರು ಮಾಡುವುದು ಅದಕ್ಕೆ ಬೇಕಾಗಿತ್ತು. ಅದಕ್ಕಾಗಿ 1847ರಲ್ಲಿ ಮಂಗಳೂರಿನಲ್ಲಿ ದೈವಜ್ಞಾನದ ಶಾಲೆ ತೆರೆದರು. 1965ರಲ್ಲಿ ತುಮಕೂರಿನ ಸೆಮಿನರಿಯೂ ಕೂಡಿಕೊಂಡು ಅದು ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು.

ಹಣ ಬರೀ ಸಿರಿವಂತರಿಂದ ಬರಲಿಲ್ಲ. 1855ರ ಸುಮಾರಿಗೆ ಮಿಶನ್ನಿನವರು 'ಅರ್ಧ ಬಾಟ್ಸೆನ್' ವಂತಿಗೆ ಶುರು ಮಾಡಿದರು. ವಾರಕ್ಕೆ ಐದು ರಾಪೆನ್, ಬಡವರೂ ಕೊಡಬಲ್ಲಷ್ಟು ಚಿಲ್ಲರೆ. ಕೊಟ್ಟವರಲ್ಲಿ, ಮನೆಮನೆಗೆ ಹೋಗಿ ಕೂಡಿಸಿದವರಲ್ಲಿ ಹೆಂಗಸರೂ ಇದ್ದರು. ಕನ್ನಡ ಎಂಬ ಭಾಷೆ ಎಲ್ಲಿದೆಯೆಂದು ಅರಿಯದವರ ಕಾಸು ಕನ್ನಡಕ್ಕೆ ಬಂತು.

ಈ ಹಣದ ಉದ್ದೇಶವನ್ನು ಮುಚ್ಚಿಡುವುದೂ ಬೇಡ, ಅದಕ್ಕಾಗಿ ಕೆಲಸವನ್ನು ಹಳಿಯುವುದೂ ಬೇಡ. ಧರ್ಮ ಬೋಧಿಸುವವನನ್ನು ತಯಾರು ಮಾಡಬೇಕಾದರೆ ಕೇಳುವವರ ಮಾತು ಕಲಿಯಲೇಬೇಕು. ಆ ಕಲಿಕೆ ಉದ್ದೇಶವನ್ನು ಮೀರಿ ಬೆಳೆಯಿತು. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರು ಇದೇ ಮೋಗ್ಲಿಂಗ್. ಆ ಗ್ರಂಥಮಾಲೆಗೆ ಹಣ ಕೊಟ್ಟವರು ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿ.

ಇದು ಪರದೇಶದವರ ಕಥೆಯಷ್ಟೇ ಅಲ್ಲ. ರಾಣೇಬೆನ್ನೂರು ತಾಲೂಕಿನಲ್ಲಿ ಹುಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು ಮಠಗಳಿಗೆ ಯೋಗ್ಯ ಸ್ವಾಮಿಗಳು ಬೇಕೆಂದು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ ಕಟ್ಟಿದರು. ಅದು ನಡೆದದ್ದು ಭಕ್ತರ ಕಾಣಿಕೆಯಿಂದ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಸಂಗೀತದಲ್ಲಿ ಬೆಳೆದದ್ದು ಆ ಸ್ವಾಮಿಗಳ ಆಸರೆಯಲ್ಲಿ. ನಮ್ಮೂರು ಗಳಗನಾಥದ ಹೆಸರನ್ನೇ ಹೊತ್ತ ಕಾದಂಬರಿಕಾರರ 'ಸದ್ಬೋಧ ಚಂದ್ರಿಕೆ'ಗೂ ಅಗಡಿಯ ಆನಂದವನದ ಆಶ್ರಯವಿತ್ತು. ಧರ್ಮಕ್ಕೆಂದು ಕೊಟ್ಟದ್ದು ಇಲ್ಲಿ ಹಾಡಾಯಿತು, ಅಲ್ಲಿ ಕಾದಂಬರಿಯಾಯಿತು.

ಆದರೆ ದೂರದ ಹಣಕ್ಕೆ ಒಂದು ಅಪಾಯವಿದೆ. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಸೆರೆಯಲ್ಲಿಟ್ಟಿತು; ಮಂಗಳೂರು ಹೆಂಚಿನ ಕಾರಖಾನೆಗಳೂ ಮಿಶನ್ನಿನ ಕೈತಪ್ಪಿದವು. ಕಲಿಸುವವರೂ ಇಲ್ಲ, ಕೊಡುವವರೂ ಇಲ್ಲ. ಆಗ ಸಭೆಗಳನ್ನು ಹೊತ್ತವರು ಇಲ್ಲಿಯೇ ಕಲಿತು ತಯಾರಾದ ಕನ್ನಡದ ಸಭಾಪಾಲಕರು. ದಾನದ ಗುಣ ತಿಳಿಯುವುದು ಅದು ನಿಂತ ಮೇಲೆ ಏನು ಉಳಿಯಿತು ಎಂಬುದರಿಂದ. ಇಂದು ಇಂಥ ವಿದ್ಯೆಗೆ ದೇಣಿಗೆ ಕೊಡುವವರು ಕಟ್ಟಡದ ಮೇಲಿನ ಹೆಸರಿಗಿಂತ ಈ ಮಾತನ್ನು ನೆನೆದರೆ ಒಳ್ಳೆಯದು.

ಇನ್ನೊಂದು ಮಾತು ನನ್ನ ಮನಸ್ಸಿಗೆ ಹೆಚ್ಚು ನಾಟುತ್ತದೆ. ಹಣ ಕೂಡಿಸಲು ಹೆಂಗಸರು ಬೇಕಾಗಿತ್ತು. ಪೀಠದ ಮೇಲೆ ಕೂಡಲು ಬೇಕಾಗಿರಲಿಲ್ಲ. ಬಾಸೆಲ್ ಮಿಶನ್ನಿನ ಸಭೆಗಳು ಮುಂದೆ ಸೇರಿದ ದಕ್ಷಿಣ ಭಾರತ ಸಭೆಯಲ್ಲಿ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದದ್ದು 2013ರಲ್ಲಿ. ಅರ್ಧ ಬಾಟ್ಸೆನ್ ವಂತಿಗೆ ಶುರುವಾಗಿ ಆಗಲೇ ಒಂದೂವರೆ ನೂರು ವರ್ಷ ದಾಟಿತ್ತು. ನಮ್ಮ ಮಠಗಳಿಗೆ ಹಿಡಿ ಜೋಳ, ಹಿಡಿ ಅಕ್ಕಿ ತೆಗೆದಿಟ್ಟ ತಾಯಂದಿರ ಪಾಡೂ ಬೇರೆಯಲ್ಲ.

ನಮ್ಮ ಸೀಮೆಯ ಹಳೆಯ ಶಾಸನಗಳು ದಾನ ಕೊಟ್ಟವರ ಹೆಸರು, ಹೊಲದ ಅಳತೆ, ದಾನದ ಉದ್ದೇಶ ಎಲ್ಲವನ್ನೂ ಕಲ್ಲಿನ ಮೇಲೆ ನಾಲ್ಕು ಜನ ಓದುವಂತೆ ಕೆತ್ತಿವೆ. ಸಾಹಿತ್ಯ ಚರಿತ್ರೆ ಬರೆಯುವವರು ಅಷ್ಟನ್ನು ಕಾಗದದ ಮೇಲಾದರೂ ಬರೆಯಲಿ. ಬರೆದವರನ್ನು ಹೊಗಳುವಾಗ, ಬರೆಯಲೆಂದು ಕೊಟ್ಟವರಿಗೂ ಒಂದು ಸಾಲು ಸಲ್ಲಬೇಕು.