ಮೆತ್ತನೆ ಸೀಟಿನ ಮೋಸ

ಸೈಕಲ್ ಅಂಗಡಿಯಲ್ಲಿ ಸೀಟು ಆರಿಸುವವರು ಮೊದಲು ಮಾಡುವ ಕೆಲಸ ಹೆಬ್ಬೆರಳಿನಿಂದ ಒತ್ತಿ ನೋಡುವುದು. ಬೆರಳು ಒಳಗಿಳಿದಷ್ಟೂ ಮುಖ ಅರಳುತ್ತದೆ. ‘ಇದು ಭಾಳ ಮೆತ್ತಗೈತ್ರಿ, ಇದನ್ನ ಹಾಕ್ರಿ.’ ಮಿಸ್ತ್ರಿಯೂ ತಕರಾರು ಮಾಡುವುದಿಲ್ಲ, ಮೇಲೊಂದು ಜೆಲ್ ಕವರನ್ನೂ ಮಾರುತ್ತಾನೆ. ಆದರೆ ಜಮಖಂಡಿಯಿಂದ ಮುಧೋಳದವರೆಗೆ ಆ ಸೀಟಿನ ಮೇಲೆ ಕೂರುವುದು ಹೆಬ್ಬೆರಳಲ್ಲವಲ್ಲ.

ಸೈಕಲ್ ಮೇಲೆ ನಮ್ಮ ಭಾರ ಹೊರಬೇಕಾದದ್ದು ಕುಂಡಿಯೊಳಗಿನ ಎರಡು ಎಲುಬುಗಳು. ಸೀಟು ತೀರಾ ಮೆತ್ತಗಿದ್ದರೆ ಅವು ಕೆಳಗಿಳಿದುಬಿಡುತ್ತವೆ, ನಡುವಿನ ಸ್ಪಂಜು ಮೇಲೆದ್ದು ಮೃದುವಾದ ಜಾಗವನ್ನು ಒತ್ತುತ್ತದೆ. ನರ, ರಕ್ತನಾಳಗಳು ಇರುವ ಜಾಗ ಅದು. ಅರ್ಧ ದಾರಿಯಲ್ಲಿ ಜೋಮು ಹಿಡಿಯುವುದು ಇದರಿಂದಲೇ. ಗಟ್ಟಿ ಸೀಟಿಗೆ ಸುಮ್ಮನೆ ಕೆಟ್ಟ ಹೆಸರು. ಅಗಲ ಸರಿಯಿದ್ದರೆ ಗಟ್ಟಿಯದೇ ಲೇಸು.

ಅಗಲ ತಿಳಿಯಲು ಖರ್ಚೇನೂ ಇಲ್ಲ. ಒಳಗೆ ಅಲೆ ಅಲೆಯಾಗಿರುವ ಪ್ಯಾಕಿಂಗ್ ರಟ್ಟಿನ ತುಂಡನ್ನು ಕಲ್ಲುಕಟ್ಟೆಯ ಮೇಲಿಟ್ಟು, ತುಸು ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಕೂತೇಳಿ. ಎರಡು ಕುಳಿ ಬಿದ್ದಿರುತ್ತವೆ. ಅವುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಹೆಚ್ಚಿನವರಿಗೆ 100ರಿಂದ 140 ಮಿ.ಮೀ. ಒಳಗೆ ಬರುತ್ತದೆ. ಅದಕ್ಕೆ 20–30 ಮಿ.ಮೀ. ಸೇರಿಸಿದರೆ ನಿಮ್ಮ ಸೀಟಿನ ಹಿಂಭಾಗದ ಅಗಲ ಸಿಕ್ಕಿತು. ನೆಟ್ಟಗೆ ಕೂತು ಓಡಿಸುವವರಿಗೆ ಇನ್ನಷ್ಟು ಬೇಕು. ದಪ್ಪಗಿದ್ದವರಿಗೆ ದೊಡ್ಡ ಸೀಟು ಎಂಬ ಲೆಕ್ಕ ಇಲ್ಲಿ ನಡೆಯದು, ಸಣಕಲು ಆಳಿಗೂ ಎಲುಬು ಅಗಲವಾಗಿರಬಹುದು. ಹೆಂಗಸರಿಗೆ ಸಾಮಾನ್ಯವಾಗಿ ಈ ಅಂತರ ಹೆಚ್ಚು.

ನಮ್ಮ ಸೀಮೆಯ ಗಾಳಿಯೂ ಇದರಲ್ಲಿ ಕೈಯಾಡಿಸುತ್ತದೆ. ಆಷಾಢದಲ್ಲಿ ಬೀಳಗಿಯಿಂದ ಜಮಖಂಡಿ ದಾಟಿ ಬನಹಟ್ಟಿಗೆ ಹೊರಟರೆ ಪಡುವಣ ಗಾಳಿ ನೇರ ಎದೆಗೆ ಬಡಿಯುತ್ತದೆ. ಹ್ಯಾಂಡಲ್ ಮೇಲೆ ಬಾಗಲೇಬೇಕು. ಬಾಗಿದರೆ ಸೊಂಟ ಮುಂದಕ್ಕೆ ಹೊರಳಿ, ಭಾರ ಸೀಟಿನ ಮೂತಿಯ ಕಡೆಗೆ ಸರಿಯುತ್ತದೆ. ವಾಪಸು ಬರುವಾಗ ಗಾಳಿ ಬೆನ್ನಿಗೆ, ನೆಟ್ಟಗೆ ಕೂತು ಹಾಡು ಗುನುಗುತ್ತ ಬರಬಹುದು. ಆಳು ಒಬ್ಬನೇ, ಸೀಟೂ ಒಂದೇ, ಕೂರುವ ಬಗೆ ಮಾತ್ರ ಎರಡು. ಅಂಗಡಿ ಮುಂದೆ ಒಂದು ಸುತ್ತು ಹೊಡೆದು ಸೀಟು ಒಪ್ಪುವವರನ್ನು ನಾನು ನಂಬುವುದಿಲ್ಲ. ಎದುರುಗಾಳಿಯಲ್ಲಿ ಒಂದು ತಾಸು ತುಳಿದು ಬಂದು ಹೇಳಲಿ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಪೈಪೋಟಿಯ ಹುಡುಗರ ಸೀಟು ಕಡ್ಡಿಯಂತಿರುವುದನ್ನು ನೋಡಿ ‘ಹೆಂಗ ಕುಂದರ್ತಾರಪ್ಪಾ’ ಎನ್ನುತ್ತೇವೆ. ಅವರು ಬಾಗಿರುತ್ತಾರೆ, ಅರ್ಧ ಭಾರ ಕಾಲು ಕೈಗಳ ಮೇಲಿರುತ್ತದೆ. ಆ ಕಡ್ಡಿ ಸೀಟನ್ನು ಕಳಚಿ ಸೀರೆ ಗಂಟು ಹೊತ್ತ ರಬಕವಿಯ ನೇಕಾರರ ಸಾದಾ ಸೈಕಲ್ಲಿಗೆ ಹಾಕಿದರೆ ಮೈಲು ದೂರವೂ ಸಾಗದು. ಅಲ್ಲಿಗೆ ಹಿಂದೆ ಎರಡು ಸ್ಪ್ರಿಂಗ್ ಇರುವ ಅಗಲ ಸೀಟೇ ಸರಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಕೆದರಿಟ್ಟ ರಸ್ತೆಗೆ ಆ ಸ್ಪ್ರಿಂಗಿನಷ್ಟು ತಿಳಿವಳಿಕೆ ಬೇರೆ ಯಾವುದಕ್ಕೂ ಇಲ್ಲ.

ಎತ್ತರದ ವಿಷಯದಲ್ಲಂತೂ ನಮ್ಮವರು ಹಟಮಾರಿಗಳು. ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ಇಳಿಸುತ್ತಾರೆ. ಆಗ ಕಾಲು ಭಾರ ಹೊರುವುದನ್ನೇ ಬಿಡುತ್ತದೆ, ಅಷ್ಟೂ ಸೀಟಿನ ಮೇಲೆ. ಮಂಡಿನೋವು ಬೇರೆ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಅದೇ ಎತ್ತರ. ಇನ್ನೂ ಏರಿಸಿದರೆ ಸೊಂಟ ಅತ್ತಿತ್ತ ತೂಗಿ ತೊಡೆ ಉಜ್ಜುತ್ತದೆ. ಸೀಟು ಮಟ್ಟಸವಾಗಿರಲಿ. ಮೂತಿ ಮೇಲಾದರೆ ಜೋಮು, ಕೆಳಗಾದರೆ ಮುಂಗೈ ನೋವು. ಎತ್ತರದ ಈ ಅಲಕ್ಷ್ಯ ಶಾಲೆಯ ಸೈಕಲ್ಲುಗಳಲ್ಲೂ ಕಾಣುತ್ತಿತ್ತು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಎಂಟರಿಂದ ಹತ್ತಕ್ಕೆ ಬರುವಷ್ಟರಲ್ಲಿ ಮಕ್ಕಳು ಎತ್ತರ ಬೆಳೆದಿರುತ್ತಿದ್ದರು, ಸೀಟು ಮಾತ್ರ ಕೊಟ್ಟ ದಿನದ ಎತ್ತರದಲ್ಲೇ ಇರುತ್ತಿತ್ತು. ಪಾನಾ ಹಿಡಿದು ನಟ್ಟು ಸಡಿಲಿಸಿ ಏರಿಸಲು ಐದು ನಿಮಿಷ ಸಾಕು. ಮನೆಯಲ್ಲಿ ಯಾರಿಗೂ ಅದು ಹೊಳೆಯುತ್ತಿರಲಿಲ್ಲ.

ಇನ್ನು ನನ್ನ ಮೆಚ್ಚಿನದು, ತೊಗಲಿನ ಸೀಟು. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಕುದುರೆ ಸಾಮಾನಿನ ತೊಗಲ ಕೆಲಸದಿಂದ ಶುರುವಾಗಿ, 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆಯಿತು. ಅದರಲ್ಲಿ ಸ್ಪಂಜೇ ಇಲ್ಲ. ಸಸ್ಯರಸದಲ್ಲಿ ಹದ ಮಾಡಿದ ದಪ್ಪ ತೊಗಲನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿರುತ್ತಾರೆ. ಮೊದಮೊದಲು ಹಲಗೆಯ ಹಾಗೆ ಗಟ್ಟಿ, ಕೆಲವು ನೂರು ಕಿ.ಮೀ. ತುಳಿದ ಮೇಲೆ ನಿಮ್ಮ ಎರಡು ಎಲುಬಿಗೆ ತಕ್ಕ ಎರಡು ಕುಳಿ. ಇದು ನಮಗೆ ಹೊಸ ವಿದ್ಯೆಯೇನಲ್ಲ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವ ಎಂಟು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದವಾದ ಆ ತೊಗಲು ಮೊದಲ ವಾರ ಕಚ್ಚಿ, ಆಮೇಲೆ ಹಾಕಿಕೊಂಡವರ ಪಾದವನ್ನೇ ಅಚ್ಚೊತ್ತಿಕೊಳ್ಳುತ್ತದೆ. ಆದರೆ ಚಪ್ಪಲಿಗೆ ತಿಕ್ಕಿದ ಹಾಗೆ ಸೀಟಿಗೆ ಎಣ್ಣೆ ಸುರಿಯಬೇಡಿ. ತೊಗಲು ಜೋತುಬಿದ್ದು ಜೋಳಿಗೆಯಾಗುತ್ತದೆ. ಜೋತರೆ ಮೂತಿಯ ಕೆಳಗಿನ ಬೋಲ್ಟನ್ನು ತುಸುವೇ ತಿರುವಿ ಬಿಗಿಮಾಡಬಹುದು. ಮಳೆಯಲ್ಲಿ ಪ್ಲಾಸ್ಟಿಕ್ ಚೀಲ ಹೊದಿಸಿ.

ಬೆಲೆ ಮಾತ್ರ ಸಾದಾ ಸೈಕಲ್ಲೊಂದರಷ್ಟಿದೆ. ಮೇಲಾಗಿ, ‘ಕಾಕಾ, ಹಿಂಗ್ ಹೋಗಿ ಹಂಗ್ ಬರ್ತೀನಿ, ಸೈಕಲ್ ಕೊಡ್ರಿ’ ಎಂದು ಕೇಳುವವರಿಗೆ ಅದನ್ನು ಕೊಡುವಂತಿಲ್ಲ, ನಿಮ್ಮ ಕುಳಿ ಅವರಿಗೆ ಹೊಂದುವುದಿಲ್ಲ. ಅಂಥವರಿಗೆಂದೇ ರೆಕ್ಸಿನ್ ಸೀಟಿನ ಹಳೆಯ ಸೈಕಲ್ಲೊಂದನ್ನು ಪಡಸಾಲೆಯಲ್ಲಿ ಇಟ್ಟುಕೊಂಡಿರಿ.